ಒತ್ತುವರಿ ಎಂದು ಬರೆಯುವ ಮುನ್ನ

ಬೆಂಗಳೂರಿನ ಉತ್ತರ ಭಾಗದ ಸುದ್ದಿ ಬರೆಯುವವರು ಒಂದು ಪದವನ್ನು ಬಿಟ್ಟು ವಾರ ಕಳೆಯುವುದು ಕಷ್ಟ. ಹೆಬ್ಬಾಳದಲ್ಲಿ ಕೆರೆ ಒತ್ತುವರಿ, ಯಲಹಂಕದಲ್ಲಿ ರಾಜಕಾಲುವೆ ಒತ್ತುವರಿ, ಜಾಲ ಹೋಬಳಿಯ ಕಡೆ ಗೋಮಾಳ ಒತ್ತುವರಿ, ಯಶವಂತಪುರ ಮಾರುಕಟ್ಟೆಯ ಸುತ್ತ ಪಾದಚಾರಿ ಮಾರ್ಗ ಒತ್ತುವರಿ, ಆರ್.ಟಿ. ನಗರದಲ್ಲಿ ರಸ್ತೆ ಒತ್ತುವರಿ. ಕೆರೆಯಂಗಳವನ್ನು ನಿವೇಶನ ಮಾಡಿ ಮಾರಿದವನಿಗೂ, ಆ ನಿವೇಶನವನ್ನು ಸಾಲ ಮಾಡಿ ಕೊಂಡವನಿಗೂ, ಖಾಲಿ ಜಾಗದಲ್ಲಿ ತಗಡು ಹೊದಿಸಿಕೊಂಡ ಕೂಲಿ ಕುಟುಂಬಕ್ಕೂ, ರಸ್ತೆ ಬದಿಯ ತಳ್ಳುಗಾಡಿಗೂ ನಾವು ಬಳಸುವುದು ಇದೊಂದೇ ಪದವನ್ನು.

ವರದಿಗಾರಿಕೆಯಲ್ಲೂ ಡೆಸ್ಕಿನಲ್ಲೂ ಈ ಪದದೊಡನೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. 'ಒತ್ತುವರಿ' ನೋಡುವುದಕ್ಕೆ ವರ್ಣನೆ, ನಿಜದಲ್ಲಿ ಅದು ತೀರ್ಪು. ಅಳತೆ ಆಗುವ ಮೊದಲೇ, ನೋಟಿಸು ತಲುಪುವ ಮೊದಲೇ, ನ್ಯಾಯಾಲಯ ಕೇಳುವ ಮೊದಲೇ ಅದು ಒಬ್ಬರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸುತ್ತದೆ. ಆದ್ದರಿಂದ ಇದನ್ನು ಬರೆಯುವ ಪತ್ರಕರ್ತನಿಗೆ ತೀರ್ಪುಗಾರನಷ್ಟೇ ಹೊಣೆ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಪಾಠಗಳು ಇವು.

1. ಮೊದಲು ಗಡಿಯನ್ನು ಕೇಳಿ

ಈ ಪದ ಪತ್ರಿಕೆಗೆ ಬಂದದ್ದು ಹೊಲದಿಂದ. ಪಕ್ಕದ ಜಮೀನಿನವನು ಪ್ರತಿವರ್ಷ ಉಳುವಾಗ ನೇಗಿಲನ್ನು ಒಂದು ಗೇಣು ಈಚೆಗೆ ತರುತ್ತಾನೆ, ಬದು ಸರಿಯುತ್ತದೆ. 'ಬದು ಒತ್ತಿದ' ಎನ್ನುತ್ತಾರೆ ಹಳ್ಳಿಯವರು. ಅಲ್ಲಿ ಗಡಿಕಲ್ಲು ಎಲ್ಲಿತ್ತು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ, ಊರಿಗೂ ಗೊತ್ತಿರುತ್ತದೆ. ನಗರಕ್ಕೆ ಬರುವಾಗ ಪದ ಬಂತು, ಗಡಿಕಲ್ಲು ಬರಲಿಲ್ಲ.

ಹಾಗಾಗಿ ಯಾರಾದರೂ 'ಕೆರೆ ಒತ್ತುವರಿಯಾಗಿದೆ' ಎಂದಾಗ ನನ್ನ ಮೊದಲ ಪ್ರಶ್ನೆ: ಕೆರೆಯ ಸರ್ವೆ ನಂಬರು ಯಾವುದು, ಗ್ರಾಮ ನಕ್ಷೆಯಲ್ಲಿ ಅದರ ಗಡಿ ಎಲ್ಲಿ? ಬೇಸಿಗೆಯಲ್ಲಿ ನೀರು ನಿಂತಷ್ಟೇ ಕೆರೆಯಲ್ಲ. ಒಣಗಿದ ಅಂಗಳ, ಏರಿ, ಕೋಡಿ, ತೂಬು ಎಲ್ಲವೂ ಸೇರಿ ದಾಖಲೆಯಲ್ಲಿ ಇಂತಿಷ್ಟು ಎಕರೆ ಎಂದು ಇರುತ್ತದೆ. ಬೇಲಿ ಹಾಕಿದ್ದು ಇತ್ತೀಚೆಗೆ. ಅದು ಸರ್ವೆ ಗಡಿಯ ಮೇಲೆಯೇ ಇದೆ ಎಂದು ನಂಬಿ ಬರೆಯಬಾರದು. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ಪಟ್ಟಿ), ಟಿಪ್ಪಣಿ (ಅಳತೆಯ ದಾಖಲೆ), ಪಹಣಿ (ಹಿಡುವಳಿಯ ದಾಖಲೆ) ಈ ನಾಲ್ಕು ಕಾಗದಗಳನ್ನು ಓದಲು ಕಲಿಯದೆ ಈ ವಿಷಯದ ವರದಿಗಾರಿಕೆಗೆ ಇಳಿಯಬಾರದು. ಸರ್ವೆ ಇಲಾಖೆಯ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಅದರಿಂದ ದಾರಿ ತಿಳಿಯುತ್ತದೆ, ಅದನ್ನೇ ಪುರಾವೆ ಎನ್ನಲಾಗದು. ಗಡಿ ಹೇಳಬೇಕಾದವರು ಸರಪಳಿ ಹಿಡಿದ ಭೂಮಾಪಕರು.

ಯಲಹಂಕದ ಹಳೆಯ ಕಾಗದ ಹುಡುಕುವವರಿಗೆ ಒಂದು ಸೂಚನೆ. ಇಂದಿನ ಯಲಹಂಕ ತಾಲ್ಲೂಕು ಮೊದಲು 'ಬೆಂಗಳೂರು ಉತ್ತರ (ಹೆಚ್ಚುವರಿ)' ಆಗಿತ್ತು. ಪಾಲಿಕೆಯೂ 2025ರ ಸೆಪ್ಟೆಂಬರಿನಿಂದ ಐದಾಗಿ ಒಡೆದಿದೆ. ಹೆಸರು ಬದಲಾದರೂ ಗ್ರಾಮ ಮತ್ತು ಸರ್ವೆ ನಂಬರು ಉಳಿದಿರುತ್ತವೆ. ಅವನ್ನು ಹಿಡಿದು ಹೋಗಿ.

2. 'ಆಗಿದೆ' ಎಂದರೆ ಮಾಡಿದವನು ತಪ್ಪಿಸಿಕೊಂಡ

ಕನ್ನಡದ ವಾಕ್ಯರಚನೆಯಲ್ಲಿ ಕರ್ತೃವನ್ನು ಬಿಟ್ಟು ಬರೆಯುವುದು ಬಹಳ ಸುಲಭ. 'ಐದು ಎಕರೆ ಒತ್ತುವರಿಯಾಗಿದೆ.' ವಾಕ್ಯ ಪೂರ್ತಿಯಾಯಿತು, ಮಾಡಿದವನು ಕಾಣಲೇ ಇಲ್ಲ. ದೊಡ್ಡವರ ಪ್ರಕರಣಗಳಲ್ಲಿ 'ಆಗಿದೆ' ಎಂದೂ, ಸಣ್ಣವರ ಪ್ರಕರಣಗಳಲ್ಲಿ 'ಮಾಡಿದ್ದಾರೆ' ಎಂದೂ ಬರೆಯುವುದು ನಮ್ಮ ಪತ್ರಿಕೆಗಳಲ್ಲಿ ಯಾರೂ ಹೇಳಿಕೊಡದೆ ಬಂದ ಅಭ್ಯಾಸ. ಕಾಪಿ ತಿದ್ದುವವರು ಈ ಕ್ರಿಯಾಪದದ ಮೇಲೆ ಬೆರಳಿಡಬೇಕು.

ಹೆಸರು ಎಲ್ಲಿಂದ ತರುವುದು ಎಂದು ಕೇಳುವವರಿಗೆ ಉತ್ತರ ಇದೆ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2006–07ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಬಗ್ಗೆ ವರದಿ ಕೊಟ್ಟಿತು. ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆಯ ವರದಿ 2011ರಲ್ಲಿ ಬಂತು. ಕೆರೆಗಳ ಬಗ್ಗೆಯೇ ಕೆ.ಬಿ. ಕೋಳಿವಾಡ ನೇತೃತ್ವದ ಸದನ ಸಮಿತಿ ಕೆಲಸ ಮಾಡಿತು. ಇವು ಸಾರ್ವಜನಿಕ ದಾಖಲೆಗಳು, ಶ್ರಮಪಟ್ಟು ಬರೆದವು. ಹೆಸರು ಗೊತ್ತಿಲ್ಲದಿದ್ದರೆ 'ಯಾರು ಮಾಡಿದ್ದಾರೆಂದು ಕಂದಾಯ ಇಲಾಖೆ ತಿಳಿಸಿಲ್ಲ' ಎಂದು ಬರೆಯಿರಿ. ಆಗ ಹೆಸರು ಯಾಕೆ ಹೊರಬಂದಿಲ್ಲ ಎಂಬ ಪ್ರಶ್ನೆ ಓದುಗನಿಗೂ ಹುಟ್ಟುತ್ತದೆ.

3. ಐದು ಮೆಟ್ಟಿಲುಗಳಲ್ಲಿ ಯಾವುದರ ಮೇಲಿದ್ದೀರಿ?

ಒಂದು ಪ್ರಕರಣ ಐದು ಹಂತಗಳನ್ನು ಹತ್ತುತ್ತದೆ: ದೂರು, ಸ್ಥಳ ಗುರುತು, ಅಳತೆ, ಆದೇಶ, ತೆರವು. ಐದಕ್ಕೂ ನಾವು 'ಒತ್ತುವರಿ' ಎಂದೇ ಬರೆಯುತ್ತೇವೆ. ನಿವಾಸಿಗಳ ಸಂಘ ಮನವಿ ಕೊಟ್ಟ ದಿನ ಅದು ಆರೋಪ. ಭೂಮಾಪಕರು ಕೆಂಪು ಬಣ್ಣದಲ್ಲಿ ಗುರುತು ಹಾಕಿದಾಗ ಅದು ಇಲಾಖೆಯ ನಿಲುವು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 104ರಡಿ ಆದೇಶವಾದಾಗ ಅದು ಆಡಳಿತದ ತೀರ್ಮಾನ. ಅದರ ಮೇಲೆ ಮೇಲ್ಮನವಿ ಇದೆ, ತಡೆಯಾಜ್ಞೆ ಇದೆ. ಸರ್ಕಾರಿ ಭೂಮಿಯ ಅತಿಕ್ರಮಣವನ್ನು ಅಪರಾಧವಾಗಿಸಿದ 192ಎ ಕಲಮಿನಡಿ ಮೊಕದ್ದಮೆ ಹೂಡಿದರೆ, ಸಾಬೀತಾಗುವವರೆಗೆ ಅದೂ ಆರೋಪವೇ.

'ಭೂಕಬಳಿಕೆ' ಎಂಬ ಪದವನ್ನು 'ಒತ್ತುವರಿ'ಗೆ ಪರ್ಯಾಯವಾಗಿ ಬಳಸುವುದನ್ನು ನಿಲ್ಲಿಸಬೇಕು. ಅದಕ್ಕೆ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಇದೆ, ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಇದೆ, ಅದರದೇ ಅರ್ಥ ಇದೆ. ತಲೆಬರಹಕ್ಕೆ ಹೊಂದುತ್ತದೆ ಎಂದು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವಂತಿಲ್ಲ. ಮೊದಲ ಪ್ಯಾರಾದಲ್ಲೇ ಯಾವ ಹಂತ ಎಂದು ಹೇಳಿಬಿಡಿ. ಅರ್ಧ ವಾಕ್ಯ ಸಾಕು.

4. ಯಾವ ನೆಲ ಎಂಬುದರಿಂದ ಪದದ ಅರ್ಥ ಬದಲಾಗುತ್ತದೆ

'ಸರ್ಕಾರಿ ಜಾಗ' ಎಂದು ಒಂದೇ ಮಾತಿನಲ್ಲಿ ಮುಗಿಸುವ ನೆಲದಲ್ಲಿ ಹಲವು ಬಗೆ ಇವೆ. ದನ ಮೇಯಲು ಬಿಟ್ಟ ಗೋಮಾಳ, ಮರಗಳ ಗುಂಡುತೋಪು, ಕೆರೆ, ಸ್ಮಶಾನ, ಕಾಲುದಾರಿ. ಖರಾಬಿನಲ್ಲೇ, ಅಂದರೆ ಸಾಗುವಳಿಯ ಲೆಕ್ಕಕ್ಕೆ ಸೇರದ ನೆಲದಲ್ಲೇ, ಎರಡು ಬಗೆ: ರೈತನ ಹಿಡುವಳಿಯೊಳಗೇ ಸೇರಿದ, ಸಾಗುವಳಿಗೆ ಬಾರದ ಬಂಡೆ, ಕಣದಂಥ ನೆಲ ಎ-ಖರಾಬು, ದಾರಿ, ಹಳ್ಳ, ಕಾಲುವೆಗಳಂತೆ ಸಾರ್ವಜನಿಕರಿಗೆ ಮೀಸಲಾದದ್ದು ಬಿ-ಖರಾಬು. ಎ-ಖರಾಬಿನ ಮೇಲೆ ಶೆಡ್ ಕಟ್ಟಿದ ರೈತನನ್ನು ಒತ್ತುವರಿ ಪಟ್ಟಿಗೆ ಸೇರಿಸಿದರೆ ಅನ್ಯಾಯ. ಬಿ-ಖರಾಬಿನ ಕಾಲುವೆಯನ್ನು ಅಕ್ಕಪಕ್ಕದ ಜಮೀನಿನೊಡನೆ ಸದ್ದಿಲ್ಲದೆ ಬೆರೆಸಿ ಬಡಾವಣೆ ಮಾಡಿದವನನ್ನು ಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ. ಪಹಣಿಯಲ್ಲಿ ವಿಸ್ತೀರ್ಣದ ಜೊತೆಗೇ ಖರಾಬು ಎಷ್ಟು ಎಂದು ನಮೂದಾಗಿರುತ್ತದೆ. ಅದನ್ನು ಓದಿದರೆ ವ್ಯತ್ಯಾಸ ಕಾಣುತ್ತದೆ.

ಸಾಗುವಳಿಗೆಂದು ಸರ್ಕಾರಿ ಭೂಮಿ ಹಿಡಿದವರನ್ನು 'ಬಗರ್ ಹುಕುಂ' ಸಾಗುವಳಿದಾರರು ಎನ್ನುತ್ತಾರೆ, ಸಕ್ರಮಕ್ಕೆ ಅರ್ಜಿ ಹಾಕಲು ರಾಜ್ಯದ ಕಾನೂನೇ ಅವಕಾಶ ಕೊಟ್ಟಿದೆ. ನಮೂನೆ 50, 53, 57 ಎಂಬ ಸಂಖ್ಯೆಗಳು ಪ್ರತಿ ಹಳ್ಳಿಗೂ ಗೊತ್ತು. ಬೆಂಗಳೂರಿನ ಸುತ್ತಲಿನ 18 ಕಿ.ಮೀ. ವ್ಯಾಪ್ತಿಯಲ್ಲಿ ಆ ದಾರಿ ಮುಚ್ಚಿದೆ. ಒಂದೇ ಕೆಲಸ ಮಲೆನಾಡಿನಲ್ಲಿ 'ಸಾಗುವಳಿ', ಯಲಹಂಕದ ಬಳಿ 'ಒತ್ತುವರಿ' ಆಗುವುದು ಹೀಗೆ. ಬಿ-ಖಾತೆಯ ಮನೆ, ರೆವಿನ್ಯೂ ಸೈಟು, ನಕ್ಷೆ ಮೀರಿ ಕಟ್ಟಿದ ಮಹಡಿ ಇವು ಯಾವುವೂ ಒತ್ತುವರಿಯಲ್ಲ. ಕಟ್ಟಿದವರ ನೆಲ ಅವರದೇ, ಮೀರಿದ್ದು ನಿಯಮವನ್ನು. 'ಅನಧಿಕೃತ' ಎಂಬ ಪದ ಅದಕ್ಕೇ ಇದೆ.

5. ಬಫರ್ ವಲಯದ ಮನೆ ಒತ್ತುವರಿಯಲ್ಲ

ಉತ್ತರ ಬೆಂಗಳೂರಿನ ವರದಿಗಳಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ನಗರದ ಪರಿಷ್ಕೃತ ಮಹಾಯೋಜನೆ 2015 ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಲ್ಲಿ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಕಟ್ಟಡವಿಲ್ಲದ ಪಟ್ಟಿಯನ್ನು ಹೇಳಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಗೆ 75 ಮೀಟರ್ ಎಂದು ಹಿಗ್ಗಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಹಿಗ್ಗಿಸುವಿಕೆಯನ್ನು ರದ್ದು ಮಾಡಿತು. ಮೂರು ವರ್ಷದೊಳಗೆ ಒಂದೇ ಮನೆ ನಿಯಮದೊಳಗಿದ್ದು, ಹೊರಗಾಗಿ, ಮತ್ತೆ ಒಳಗೆ ಬಂತು. ಆ ಮನೆಯ ಗೋಡೆ ಒಂದು ಅಂಗುಲವೂ ಸರಿದಿರಲಿಲ್ಲ.

ಬಫರ್ ಪಟ್ಟಿಯ ನೆಲ ಹೆಚ್ಚಾಗಿ ಖಾಸಗಿಯವರದೇ. ಕಟ್ಟಬಾರದು ಎಂಬ ನಿರ್ಬಂಧ ಅದರ ಮೇಲಿದೆ. ಮಾಲೀಕತ್ವ ಹೋಗಿಲ್ಲ. ಅಲ್ಲಿ ಕಟ್ಟಿದರೆ ಅದು ವಲಯ ನಿಯಮದ ಉಲ್ಲಂಘನೆ. ಕೆರೆಗೆ ಅದರಿಂದ ಹಾನಿಯಾಗುತ್ತದೆ ಎಂಬುದು ನಿಜ, ಅದನ್ನು ಬಲವಾಗಿಯೇ ಬರೆಯಬೇಕು. ಬಫರಿನ ಕಟ್ಟಡವನ್ನೂ ಕೆರೆಯಂಗಳದ ಕಟ್ಟಡವನ್ನೂ 'ಕೆರೆ ಒತ್ತುವರಿ' ಎಂದು ಒಂದೇ ಗಂಟು ಕಟ್ಟಿದರೆ, ನ್ಯಾಯಾಲಯದಲ್ಲಿ ಬಫರ್ ವಾದ ಬಿದ್ದ ದಿನ ನಿಜವಾದ ಕೆರೆ ಭೂಮಿಯನ್ನು ಹಿಡಿದವನೂ 'ಪತ್ರಿಕೆಯವರು ಹೇಳಿದ್ದು ಸುಳ್ಳು' ಎಂದು ಎದೆ ತಟ್ಟಿಕೊಳ್ಳುತ್ತಾನೆ.

6. ಸರ್ಕಾರಕ್ಕೂ ಅದೇ ಪದ ಬಳಸಿ

ಖಾಸಗಿಯವರು ಕೆರೆ ಮುಚ್ಚಿದರೆ ಒತ್ತುವರಿ, ಸರ್ಕಾರ ಮುಚ್ಚಿದರೆ ಅಭಿವೃದ್ಧಿ. ನಮ್ಮ ಬರವಣಿಗೆಯಲ್ಲಿ ಇಷ್ಟು ಆಳವಾಗಿ ಕೂತ ಪಕ್ಷಪಾತ ಬೇರೊಂದಿಲ್ಲ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂದದ್ದು ಎಲ್ಲರಿಗೂ ಗೊತ್ತು. ಉತ್ತರದ ಪಟ್ಟಿಯೂ ಚಿಕ್ಕದಲ್ಲ. ಗೆದ್ದಲಹಳ್ಳಿ ಮತ್ತು ನಾಗಶೆಟ್ಟಿಹಳ್ಳಿ ಕೆರೆಗಳ ಜಾಗದಲ್ಲಿ ಆರ್‌ಎಂವಿ ಎರಡನೇ ಹಂತ ಎದ್ದಿತು. ಆರ್.ಟಿ. ನಗರ ಬೆಳೆದದ್ದು ಮಠದಹಳ್ಳಿ ಕೆರೆಯನ್ನು ಕಳೆದುಕೊಂಡು. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಮತ್ತಿಕೆರೆಯಲ್ಲಿ ಈಗ ಜೆ.ಪಿ. ಪಾರ್ಕ್ ಇದೆ. ಕೋಳಿವಾಡ ಸಮಿತಿ ಸರ್ಕಾರಿ ಸಂಸ್ಥೆಗಳ ಒತ್ತುವರಿಯನ್ನೂ ಅದೇ ಹೆಸರಿನಿಂದ ಕರೆದು ಲೆಕ್ಕ ಹಾಕಿತು. ಶಾಸನಸಭೆಯ ಸಮಿತಿಗೇ ಸಾಧ್ಯವಾದದ್ದು ಪತ್ರಿಕೆಗೆ ಕಷ್ಟವಾಗಬಾರದು.

ಇದಕ್ಕೂ ಒಂದು ಎಚ್ಚರ ಬೇಕು. ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಆ ಪ್ರಕರಣದಲ್ಲೇ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2011ರಲ್ಲಿ ಕೆರೆ ಸಂರಕ್ಷಣೆಯ ವರದಿ ಕೊಟ್ಟಿತು. ಆ ಹೋರಾಟ ಕಾಗದದ ಮೇಲೆ ಕ್ರಮಬದ್ಧವಾಗಿದ್ದ ಒಪ್ಪಂದದ ವಿರುದ್ಧ. ಸಾರ್ವಜನಿಕ ಕೆರೆಯ ಹಕ್ಕನ್ನು ಹಸ್ತಾಂತರಿಸಬಹುದೇ ಎಂಬುದು ಅದರ ಪ್ರಶ್ನೆ. 'ಒತ್ತುವರಿ' ಎಂದು ಬರೆದಿದ್ದರೆ ಆ ಪ್ರಶ್ನೆಯೇ ಕಳೆದುಹೋಗುತ್ತಿತ್ತು. ಪದ ಎಲ್ಲಿ ಬೇಕು ಎಂಬುದರಷ್ಟೇ ಎಲ್ಲಿ ಬೇಡ ಎಂಬುದೂ ತಿಳಿದಿರಬೇಕು.

7. 'ಒತ್ತುವರಿದಾರ' ಎಂದು ಮನುಷ್ಯರಿಗೆ ಹೆಸರಿಡಬೇಡಿ

'-ದಾರ' ಸೇರಿದ ಕೂಡಲೇ ಒಂದು ಕೆಲಸ ಒಬ್ಬ ಮನುಷ್ಯನ ಗುರುತಾಗಿಬಿಡುತ್ತದೆ. 2025ರ ಡಿಸೆಂಬರಿನಲ್ಲಿ ಯಲಹಂಕದ ಕೋಗಿಲು ಬಳಿ ಸರ್ಕಾರಿ ಜಾಗದಲ್ಲಿದ್ದ ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಿದಾಗ ಅಲ್ಲಿದ್ದವರು ಕೆಲವರ ಬರಹದಲ್ಲಿ 'ನಿವಾಸಿಗಳು', ಕೆಲವರ ಬರಹದಲ್ಲಿ 'ಒತ್ತುವರಿದಾರರು'. ಜಾಗ ಸರ್ಕಾರದ್ದು ಎಂಬ ಮಾತನ್ನೂ, ಚಳಿಗಾಲದಲ್ಲಿ ಕುಟುಂಬಗಳು ಬೀದಿಗೆ ಬಂದವು ಎಂಬ ಮಾತನ್ನೂ ಒಂದೇ ವರದಿಯಲ್ಲಿ ಬರೆಯಬಹುದು, ಬರೆಯಬೇಕು. ಆಯ್ದುಕೊಂಡ ಒಂದು ನಾಮಪದದಿಂದ ಎರಡರಲ್ಲೊಂದನ್ನು ಅಳಿಸಬಾರದು. ಅವರಿಗೆ ಆ ಜಾಗ ತೋರಿಸಿ ಹಣ ಪಡೆದವರು ಯಾರು, ವಿದ್ಯುತ್ ಸಂಪರ್ಕ ಕೊಟ್ಟವರು ಯಾರು ಎಂದು ಕೇಳುವುದು ಇಂಥ ಪ್ರತಿ ಪ್ರಕರಣದಲ್ಲೂ ವರದಿಗಾರನ ಕೆಲಸ.

'ಒತ್ತುವರಿದಾರ' ಎಂಬ ಒಂದೇ ಹೆಸರು ಸಾಲದು ಎಂಬುದು 2016ರ ಆಗಸ್ಟಿನ ರಾಜಕಾಲುವೆ ತೆರವಿನಲ್ಲೂ ಕಂಡಿತು. ಅರೆಕೆರೆಯ ಅವನಿ ಶೃಂಗೇರಿ ನಗರದಲ್ಲಿ ಮನೆ ಕಳೆದುಕೊಂಡವರ ಕೈಯಲ್ಲಿ ನೋಂದಾಯಿತ ಕ್ರಯಪತ್ರ ಇತ್ತು, ಬ್ಯಾಂಕ್ ಸಾಲ ಇತ್ತು. ನೋಂದಣಿಯಾದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ ಎಂಬ ಕಹಿ ಸತ್ಯ ನಗರಕ್ಕೆ ತಿಳಿದದ್ದು ಆಗ.

ತಳ್ಳುಗಾಡಿಯವರ ವಿಷಯದಲ್ಲಂತೂ ಕಾನೂನೇ ಬೇರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಬಾರದು, ಎಬ್ಬಿಸುವುದಾದರೆ 30 ದಿನಗಳ ನೋಟಿಸು ಬೇಕು. ಯಶವಂತಪುರದ ಸೊಪ್ಪಿನವಳ ಬಗ್ಗೆ 'ಪಾದಚಾರಿ ಮಾರ್ಗ ಒತ್ತುವರಿ' ಎಂದು ಬರೆಯುವ ಮುನ್ನ ಆಕೆಯ ಬಳಿ ವ್ಯಾಪಾರದ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ನಡೆಯುವವರ ಹಕ್ಕೂ ದೊಡ್ಡದೇ. ಎರಡು ಹಕ್ಕುಗಳು ಎದುರುಬದುರಾದಾಗ ಒಂದನ್ನು ಮಾತ್ರ ಅಪರಾಧ ಎಂದು ಕರೆಯುವಂತಿಲ್ಲ.

8. ಎಕರೆ–ಗುಂಟೆಯ ಲೆಕ್ಕ ತಪ್ಪಬಾರದು

ಕಂದಾಯ ದಾಖಲೆಯಲ್ಲಿ 2-10 ಎಂದು ಇದ್ದರೆ ಅದು 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ಅದು 2.25 ಎಕರೆ. ಅದನ್ನು 2.10 ಎಕರೆ ಎಂದು ಬರೆದರೆ 6 ಗುಂಟೆ ಕಾಗದದ ಮೇಲೇ ಮಾಯ. ಒಂದು ಗುಂಟೆ 1,089 ಚದರಡಿ. 30x40 ನಿವೇಶನಕ್ಕಿಂತ ತುಸು ಕಡಿಮೆ. ಕಾಪಿಯಲ್ಲಿ ತಪ್ಪಿದ 6 ಗುಂಟೆ ಎಂದರೆ ಐದು ನಿವೇಶನಗಳಿಗೂ ಮಿಕ್ಕಿದ ಸಾರ್ವಜನಿಕ ನೆಲ.

ಜಿಲ್ಲಾಡಳಿತದ ಪ್ರಕಟಣೆಗಳಲ್ಲಿ 'ಇಷ್ಟು ಕೋಟಿ ಮೌಲ್ಯದ ಭೂಮಿ ತೆರವು' ಎಂಬ ಸಾಲು ಖಾಯಂ ಇರುತ್ತದೆ. ಕೆರೆಯನ್ನು ಯಾರೂ ಮಾರುವಂತಿಲ್ಲ. ಅದಕ್ಕೆ ಮಾರುಕಟ್ಟೆ ದರ ಹಾಕಿ ತಲೆಬರಹ ಮಾಡಿದರೆ ಕೆರೆಯನ್ನು ನಿವೇಶನವಾಗಿ ನೋಡುವ ಕಣ್ಣನ್ನು ನಾವೇ ಬೆಳೆಸಿದಂತೆ. ಎಷ್ಟು ಎಕರೆ, ಯಾವ ಗ್ರಾಮ, ಯಾವ ಸರ್ವೆ ನಂಬರು ಎಂಬುದು ಓದುಗನಿಗೆ ನಾಳೆಯೂ ಉಪಯೋಗಕ್ಕೆ ಬರುವ ಮಾಹಿತಿ.

9. ಮಳೆ ಬಂದ ರಾತ್ರಿ ಈ ಪದವನ್ನು ತಡೆಹಿಡಿಯಿರಿ

ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರ ನವೆಂಬರಿನಲ್ಲಿ ಮುಳುಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ಮುಳುಗಿತು. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. 'ರಾಜಕಾಲುವೆ ಒತ್ತುವರಿಯೇ ಕಾರಣ' ಎಂಬ ವಾಕ್ಯ ಇಂಥ ದಿನ ಮೈಕ್ ಮುಂದೆ ತಾನಾಗಿ ಬರುತ್ತದೆ. ಅದು ಕಾರಣಗಳಲ್ಲಿ ಒಂದು ಇರಬಹುದು. 2024ರಲ್ಲಿ ಯಲಹಂಕದಲ್ಲಿ ಕೆಲವೇ ಗಂಟೆಗಳಲ್ಲಿ 150 ಮಿ.ಮೀ.ಗೂ ಹೆಚ್ಚು ಮಳೆ ಸುರಿದಿತ್ತು. ಯಲಹಂಕ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಹೋಗಬೇಕು. ಮಧ್ಯೆ ಕಾಲುವೆಯ ಅಗಲ ಎಷ್ಟು, ಹೂಳು ಎಷ್ಟು, ಹೆದ್ದಾರಿಯ ಕೆಳಗಿನ ಮೋರಿ ಎಷ್ಟು, ವಸತಿ ಸಮುಚ್ಚಯ ನಿಂತ ನೆಲ ಎಷ್ಟು ತಗ್ಗು, ಮೇಲ್ಭಾಗದಲ್ಲಿ ಮಣ್ಣಿನ ನೆಲ ಕಾಂಕ್ರೀಟಾದದ್ದು ಎಷ್ಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಒಂದು ಪದದಲ್ಲಿ ಕಾರಣ ಮುಗಿದರೆ ಒಂದು ಜೆಸಿಬಿಯಲ್ಲಿ ಪರಿಹಾರವೂ ಮುಗಿಯುತ್ತದೆ. ಮುಂದಿನ ಮಳೆಗೆ ಅದೇ ಮನೆಗಳು ಮುಳುಗುತ್ತವೆ. ನೀರಿನ ದಾರಿಯನ್ನು ಕೋಡಿಯಿಂದ ಮುಂದಿನ ಕೆರೆಯವರೆಗೆ ಒಮ್ಮೆ ನಡೆದು ನೋಡಿ ಬರೆದ ವರದಿ ಸ್ಟುಡಿಯೋದ ಚರ್ಚೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

10. 'ತೆರವು' ಎಂದು ಬರೆದ ಮೇಲೆ ಮತ್ತೆ ಹೋಗಿ

'ಜೆಸಿಬಿ ಘರ್ಜನೆ', 'ಮುಲಾಜಿಲ್ಲದೆ ತೆರವು' ಎಂದು ಬರೆಯುವ ದಿನ ಛಾಯಾಗ್ರಾಹಕರು ಸಾಲುಗಟ್ಟುತ್ತಾರೆ. ನಿಜವಾದ ಸುದ್ದಿ ಆರು ತಿಂಗಳ ನಂತರದ್ದು. ಅವಶೇಷ ಕಾಲುವೆಯಲ್ಲೇ ಬಿದ್ದಿದೆಯೇ? ಬೇಲಿ ಬಂತೇ, ಬಂದಿದ್ದರೆ ಸರ್ವೆ ಗಡಿಯ ಮೇಲೇ ಬಂತೇ? ತಡೆಯಾಜ್ಞೆ ಇನ್ನೂ ಇದೆಯೇ? ಅನುಮತಿ ಕೊಟ್ಟ ಅಧಿಕಾರಿಯ ವಿಚಾರಣೆ ಏನಾಯಿತು? ತೆರವಾದ ಜಾಗ ಮತ್ತೆ ಕೆರೆಯಾಯಿತೇ, ಅಥವಾ ಅಲ್ಲಿ ರಸ್ತೆ ಬಂತೇ? ಪ್ರತಿ ತೆರವಿನ ಸುದ್ದಿಗೂ ಕ್ಯಾಲೆಂಡರಿನಲ್ಲಿ ಒಂದು ಮರುಭೇಟಿಯ ದಿನ ಗುರುತು ಮಾಡಿಕೊಳ್ಳುವ ಸುದ್ದಿಮನೆ ಬೆಂಗಳೂರಿನ ಕೆರೆಗಳಿಗೆ ದೊಡ್ಡ ಉಪಕಾರ ಮಾಡುತ್ತದೆ.

ಈ ಪದವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕೆರೆ, ಕಾಲುವೆ, ತೋಪುಗಳ ನಷ್ಟವನ್ನು ಜನರಿಗೆ ಮುಟ್ಟಿಸಿದ್ದು ಇದೇ ಪದ. ಇದರಷ್ಟು ನಾಟುವ ಮಾತು ಬೇರೆ ಇಲ್ಲ. ಅದಕ್ಕೇ ಇದನ್ನು ಸಡಿಲವಾಗಿ ಬಳಸಿ ಸವೆಸಬಾರದು. ಯಾರು, ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಗುಂಟೆ, ಯಾರ ಅಳತೆಯ ಪ್ರಕಾರ, ಈಗ ಯಾವ ಹಂತದಲ್ಲಿದೆ ಎಂಬ ಐದು ಉತ್ತರಗಳು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿದ್ದರೆ 'ಒತ್ತುವರಿ' ಎಂದು ಧೈರ್ಯವಾಗಿ, ದೊಡ್ಡ ಅಕ್ಷರದಲ್ಲಿ, ಹೆಸರು ಹಿಡಿದು ಬರೆಯಿರಿ. ಇಲ್ಲದಿದ್ದರೆ ಗೊತ್ತಿರುವಷ್ಟನ್ನು ಮಾತ್ರ ಬರೆದು, ಮರುದಿನ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗಿ.